ಹನ್ನೊಂದನೆಯ ತಾರೀಖು

"ಹನ್ನೊಂದು ಬೇಡ," ಎಂದಳು ಟೈಲರಮ್ಮ. "ಆ ತಾರೀಖೇ ಸುಳ್ಳು."

ಹೆಡ್‌ಮಾಸ್ಟರರ ಪೆನ್ನು ನಿಂತಿತು. ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ ಅವರು ಸಭೆಯನ್ನು ತರಗತಿಯಂತೆಯೇ ನಡೆಸುತ್ತಿದ್ದರು. ಎದುರು ಮಾತಾಡಿದವರನ್ನು ಕಂಡರೆ ಅವರಿಗೆ ಈಗಲೂ ಆಗುತ್ತಿರಲಿಲ್ಲ. ಸಾಂಕ್ರಾಮಿಕದಲ್ಲಿ ತೀರಿಕೊಂಡವರನ್ನು ನೆನೆಯಲು ವರ್ಷಕ್ಕೊಂದು ದಿನ ಬೇಕು ಎಂದು ಈ ಸಮಿತಿ ಹುಟ್ಟಿ ಆರು ತಿಂಗಳಾಗಿತ್ತು. ಗಂಟೆ ಬಾರಿಸುವುದೋ ಮೌನವೋ, ಭಾಷಣ ಯಾರದು, ಎಷ್ಟು ನಿಮಿಷ, ಎಲ್ಲವನ್ನೂ ಜಗ್ಗಾಡಿ ಜಗ್ಗಾಡಿ ಸದಸ್ಯರು ಹಣ್ಣಾಗಿದ್ದರು. ಉಳಿದದ್ದು ತಾರೀಖು. ಅದರಲ್ಲಿ ಯಾರಿಗೂ ಎರಡು ಮಾತಿರಲಿಲ್ಲ. ಸಾಂಕ್ರಾಮಿಕ ಜೋರಾಗಿದ್ದ ತಿಂಗಳ ಹನ್ನೊಂದರಂದು ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ ಹತ್ತೊಂಬತ್ತು ಜನ ಹೋಗಿದ್ದರು. ಟೈಲರಮ್ಮನ ಗಂಡನೂ ಅವರಲ್ಲೊಬ್ಬ.

ಅವಳು ತನ್ನ ಫೋನನ್ನು ಮೇಜಿನ ನಡುವೆ ಇಟ್ಟಳು. ಆಸ್ಪತ್ರೆಯ ರಿಜಿಸ್ಟರಿನಲ್ಲಿ ತನ್ನ ಗಂಡ ಸತ್ತದ್ದು ಹನ್ನೊಂದಕ್ಕೆ. ಹನ್ನೆರಡು, ಹದಿಮೂರು, ಹದಿನಾಲ್ಕು, ಮೂರೂ ದಿನ ಬೆಳಿಗ್ಗೆ ಅವನ ಫೋನಿನಿಂದ ತನಗೆ ಮೆಸೇಜು ಬಂದಿದೆ. ಬೇಕಾದವರು ನೋಡಬಹುದು.

"ಸತ್ತವರು ಮೆಸೇಜು ಕಳಿಸ್ತಾರಾ, ಮೇಷ್ಟ್ರೇ?"

ಆಸ್ಪತ್ರೆಯ ಪರವಾಗಿ ಕೂತಿದ್ದ ಹಿರಿಯ ನರ್ಸು ಮುಖವನ್ನು ಕಿಟಕಿಯತ್ತ ತಿರುಗಿಸಿದಳು. ಎಲ್ಲರ ಬಾಯಲ್ಲೂ ಅವಳು ಸಿಸ್ಟರ್. ಆ ಮೂರು ಮೆಸೇಜುಗಳನ್ನು ಬರೆದವಳು ಅವಳೇ.

ಅಂದು ಹೆಣಗಳನ್ನು ಸಾಗಿಸುವುದಕ್ಕೇ ಕೈ ಸಾಲುತ್ತಿರಲಿಲ್ಲ. ಮನೆಯವರಿಗೆ ತಿಳಿಸಬೇಕಾದ ಕಚೇರಿಯ ಇಬ್ಬರು ಗುಮಾಸ್ತರೂ ಮನೆಯಲ್ಲಿ ಮಲಗಿದ್ದರು, ಇದೇ ಜ್ವರದಲ್ಲಿ. ಸತ್ತವರ ಸಾಮಾನಿನ ಬೀರುವಿನಲ್ಲಿ ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಒಂದು ಫೋನಿಗೆ ಪಾಸ್‌ವರ್ಡ್ ಇರಲಿಲ್ಲ. ತೆರೆದಾಗ ಹೆಂಡತಿಯ ಸಾಲುಗಳು. ತನಗೂ ಜ್ವರ, ಮನೆಯಲ್ಲಿ ಒಬ್ಬಳೇ, ಬಾಗಿಲಿಗೆ ನೋಟಿಸು ಅಂಟಿಸಿ ಹೋಗಿದ್ದಾರೆ, ನೀವೊಂದು ಮಾತು ಹೇಳಿ. ಸುದ್ದಿ ತಿಳಿಸುವ ಅಧಿಕಾರ ಸಿಸ್ಟರಿಗೆ ಇರಲಿಲ್ಲ. ತಿಳಿಸಿದರೆ ಆ ಹೆಂಗಸು ಉಳಿಯುತ್ತಾಳೆಂಬ ಧೈರ್ಯವೂ ಇರಲಿಲ್ಲ. ಎರಡು ಸಾಲು ಬರೆದಳು. ಮರುದಿನ ಇನ್ನೆರಡು, ಅದರ ಮರುದಿನವೂ. ನಾಲ್ಕನೆಯ ದಿನ ಕಚೇರಿಯವರು ವಿಷಯ ತಿಳಿಸಿದರು. ಅವಳು ಫೋನನ್ನು ಬೀರುವಿಗೆ ವಾಪಸು ಇಟ್ಟಳು. ಆಮೇಲೆ ಆ ಮಾತನ್ನು ತನ್ನ ಗಂಡನ ಮುಂದೆಯೂ ಎತ್ತಲಿಲ್ಲ.

ಸಮಿತಿಯಲ್ಲಿದ್ದ ವಕೀಲನಿಗೆ ಈಗ ಕಳೆ ಬಂದಿತ್ತು. ಆರು ತಿಂಗಳಿಂದ ಆಕಳಿಸುತ್ತ ಕೂತಿದ್ದವನು ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಒಂದೋ ಆಸ್ಪತ್ರೆ ಸಾವಿನ ದಿನಗಳನ್ನು ತಿದ್ದಿದೆ, ಇಲ್ಲವೇ ಯಾರೋ ಫೋನು ಕದ್ದಿದ್ದಾರೆ ಎಂದ. ಮೊದಲನೆಯದಾದರೆ ಹತ್ತೊಂಬತ್ತು ಹೆಸರೂ ಅನುಮಾನ, ಸ್ಮರಣೆಯ ದಿನವನ್ನು ಸದ್ಯಕ್ಕೆ ಮರೆಯಬೇಕು. ಎರಡನೆಯದಾದರೆ ಸುಲಭ. ಸತ್ತವರ ಸಾಮಾನಿನ ಬೀರುವಿನ ಕೀಲಿ ಯಾರ ಹತ್ತಿರ ಇತ್ತು?

ವಾರ್ಡಿನ ಆಯಾಳ ಹತ್ತಿರ ಇತ್ತು ಎಂದು ಹೆಡ್‌ಮಾಸ್ಟರರು, ಮನೆಯವರು ತಂದುಕೊಟ್ಟಿದ್ದ ಸಾಮಾನಿನ ರಸೀದಿಗಳ ಕಡತ ನೋಡಿ ಹೇಳಿದರು. ಆ ಆಯಾ ಈಗ ಕೆಲಸ ಬಿಟ್ಟು ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಳು. ವಕೀಲ ಅವಳ ಹೆಸರಿನ ಮೇಲೆ ದೂರು ಬರೆಯಲು ಶುರುಮಾಡಿದ.

"ದೂರು ಆಮೇಲೆ," ಎಂದಳು ಟೈಲರಮ್ಮ. "ಆ ವಾರ ಒಳಗೆ ಇದ್ದವರು ಯಾರ್ಯಾರು ಅಂತ ನನಗೆ ಗೊತ್ತಾಗಬೇಕು."

ಆಸ್ಪತ್ರೆಗೆ ಎರಡು ಸಲ ಕಾಗದ ಬರೆದು ಕೇಳಿದ್ದಳಂತೆ. ಸಿಬ್ಬಂದಿಯ ಹೆಸರು ಕೊಡುವ ಪದ್ಧತಿ ಇಲ್ಲ ಎಂದು ಎರಡು ಸಲವೂ ಸಾಗಹಾಕಿದ್ದರು. ಹೋಗಿ ಬಾಗಿಲಲ್ಲಿ ನಿಂತರೂ ಪ್ರಯೋಜನವಾಗಿರಲಿಲ್ಲ. ಆಗ ಎಲ್ಲರೂ ತಲೆಯಿಂದ ಕಾಲಿನವರೆಗೆ ಮುಚ್ಚಿಕೊಂಡಿದ್ದವರು, ಮುಖ ನೋಡಿದವರೇ ಇಲ್ಲ. ಹೇಳುತ್ತ ಅವಳು ಮೇಜಿನ ಸುತ್ತ ಒಬ್ಬೊಬ್ಬರನ್ನೇ ಅಳತೆ ತೆಗೆಯುವವಳ ಹಾಗೆ ನೋಡಿದಳು. ನೋಟ ಸಿಸ್ಟರ್ ಮೇಲೆ ಬಂದು ಅಲ್ಲೇ ಉಳಿಯಿತು.

ಬಾಯಿ ಬಿಟ್ಟರೆ ಇಪ್ಪತ್ತಾರು ವರ್ಷದ ಕೆಲಸ ಹೋಗುತ್ತದೆ. ಸತ್ತವನ ಹೆಸರಿನಲ್ಲಿ ಹೆಂಡತಿಗೆ ಸುಳ್ಳು ಬರೆದ ನರ್ಸನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ? ಬಾಯಿ ಬಿಡದಿದ್ದರೆ ಆ ಮುದುಕಿ ಆಯಾ ಪೊಲೀಸ್ ಠಾಣೆ ಮೆಟ್ಟಿಲು ಹತ್ತುತ್ತಾಳೆ, ಹತ್ತೊಂಬತ್ತು ಮನೆಯವರಿಗೆ ಕಣ್ಣೀರು ಹಾಕಲು ಒಂದು ದಿನವೂ ಸಿಗುವುದಿಲ್ಲ. ಸಿಸ್ಟರಿಗೆ ಹೆದರಿಕೆಯಷ್ಟೇ ಅಲ್ಲ, ನಾಚಿಕೆಯೂ ಆಯಿತು. ಆದರೂ ಎದ್ದು ನಿಂತಳು.

"ಆಯಾ ಕದ್ದಿಲ್ಲ. ರಿಜಿಸ್ಟರೂ ಸರಿಯಾಗಿದೆ. ಅವರು ಹನ್ನೊಂದಕ್ಕೇ ಹೋದರು, ನಾನು ಪಕ್ಕದಲ್ಲೇ ಇದ್ದೆ. ಮೆಸೇಜು ಬರೆದದ್ದು ನಾನು."

ವಕೀಲ ಆಯಾಳ ಹೆಸರು ಹೊಡೆದುಹಾಕಿ, ಸಿಸ್ಟರಿನ ಪೂರ್ತಿ ಹೆಸರು ಕೇಳಿದ. ಅವಳು ಹೇಳಿದಳು.

ಟೈಲರಮ್ಮ ಕುರ್ಚಿ ಸರಿಸಿ ಮೇಜನ್ನು ಬಳಸಿ ಬಂದಳು. ಹೊಡೆದೇಬಿಡುತ್ತಾಳೆಂದು ಹೆಡ್‌ಮಾಸ್ಟರರು ಅರ್ಧ ಎದ್ದರು. ಅವಳು ವಕೀಲನ ಕೈಕೆಳಗಿನ ಹಾಳೆಯನ್ನು ಎಳೆದುಕೊಂಡು ನಾಲ್ಕಾಗಿ ಮಡಿಸಿದಳು.

"ತಾರೀಖು ಹನ್ನೊಂದೇ ಬರ್ಕೊಳ್ಳಿ, ಮೇಷ್ಟ್ರೇ. ಸುಳ್ಳು ಅಂದದ್ದು ಬರೆದವರು ಎದ್ದು ನಿಲ್ಲಲಿ ಅಂತ. ಅವರು ಅವತ್ತೇ ಹೋದರು ಅಂತ ಮೊದಲನೇ ಮೆಸೇಜು ಓದಿದಾಗಲೇ ನನಗೆ ಗೊತ್ತಾಯ್ತು."

ಆಮೇಲೆ ಸಿಸ್ಟರಿನ ಎರಡೂ ಕೈ ಹಿಡಿದುಕೊಂಡಳು. "ನಮ್ಮ ಯಜಮಾನರು ಮೂವತ್ತೊಂದು ವರ್ಷದ ಸಂಸಾರದಲ್ಲಿ ಒಂದು ದಿನವೂ ನಿನ್ನ ಊಟ ಆಯ್ತಾ ಅಂತ ಕೇಳಿದವರಲ್ಲ. ಆ ಮೆಸೇಜಲ್ಲಿ ಹಾಗೆ ಕೇಳಿದವರು ಯಾರು ಅಂತ ನಾನು ಇಷ್ಟು ವರ್ಷ ಹುಡುಕ್ತಾ ಇದ್ದೆ, ಕಣಮ್ಮಾ."