ರಾಜಕುಮಾರಿಯ ಉತ್ತರ

"ಅವಳೇನಂದ್ಲೇ?" ತುಂಗಮ್ಮ ಕೇಳಿದರು. ಡಿವಿಡಿಯ ಚೀನೀ ಧಾರಾವಾಹಿಯಲ್ಲಿ ರಾಜ ತನ್ನ ಮಗಳನ್ನು ಶತ್ರುರಾಜನಿಗೆ ಕೊಟ್ಟು ಗಡಿಜಗಳ ಮುಗಿಸಲು ಹೊರಟಿದ್ದ. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ರಕ್ಷಾಳ ಕೆಲಸ. ಅವಳಿಗೂ ಗೋಣಿಬೀಡಿನ ಸಂಬಂಧವೊಂದು ಬಂದಿತ್ತು. ತೋಟದ ಬೇಲಿಗಾಗಿ ಅಪ್ಪನ ಮೇಲೆ ಹನ್ನೆರಡು ವರ್ಷ ಕೇಸು ನಡೆಸಿದವರ ಮನೆಯಿಂದ.

ಪರದೆಯ ಮೇಲೆ ರಾಜಕುಮಾರಿ ನೆಲಕ್ಕೆ ಹಣೆ ಹಚ್ಚಿದಳು. ರಕ್ಷಾ ಧೈರ್ಯ ತಂದುಕೊಂಡು ಅಪ್ಪನಿಗೂ ಕೇಳುವಂತೆ ಹೇಳಿದಳು: "'ಆ ಮದುವೆ ನಂಗೆ ಬೇಡ ಅಪ್ಪಾ, ನನ್ನ ಬಿಟ್ಬಿಡಿ' ಅಂದ್ಲಮ್ಮ."

ಮಂಜಯ್ಯನವರು ರಿಮೋಟ್ ಒತ್ತಿ ಚಿತ್ರ ನಿಲ್ಲಿಸಿದರು. ಇಂಗ್ಲಿಷ್ ಸಾಲು ಪರದೆಯ ಮೇಲೆ ಹಾಗೇ ಉಳಿಯಿತು.

"'ನಿಮ್ಮಪ್ಪಣೆ' ಅಂದಿದಾಳೆ. ಓದೋಕೆ ನಂಗೂ ಬರುತ್ತೆ ಮಗಾ," ಎಂದರು ಮೆತ್ತಗೆ. "ಅವ್ರಿಗೆ ಮಾತು ಕೊಟ್ಟಾಯ್ತು. ಈಗ ಅಮ್ಮಂಗೆ ಸರಿಯಾಗಿ ಹೇಳು."

ರಕ್ಷಾ ಅಮ್ಮನ ಮುಖ ನೋಡಿದಳು. ಅಮ್ಮ ಟಿವಿಯಿಂದ ಕಣ್ಣು ಕೀಳಲಿಲ್ಲ.

"ನಿಮ್ಮಪ್ಪಣೆ," ಎಂದಳು ರಕ್ಷಾ.