ಪಂಚಮಿಗೆ ಕರೆಯಲು ಬಂದ ಸೈಕಲ್

ತಂಗಿಯ ಮನೆ ಮುಂದೆ ಉರುಕುಂದಪ್ಪನ ಸೈಕಲ್ ನಿಲ್ಲಲೇ ಇಲ್ಲ. ಪಂಚಮಿಗೆ ತವರಿಗೆ ಕರೆಯಲು ಅಣ್ಣ ಬಂದನೆಂದು ಶೇಖಮ್ಮ ಕಾಲಿಗೆ ನೀರು ಹಿಡಿದು ಓಡಿ ಬಂದರೆ, ಅವನು ಗಂಟೆ ಬಾರಿಸುತ್ತ ಮುಂದೆ ಹೋಗಿಬಿಟ್ಟ.

ಪಾಪ, ಅವನೇನು ಬೇಕೆಂದು ಹೋಗಲಿಲ್ಲ. ಎರಡು ವರ್ಷದ ಹಿಂದೆ ತಂಗಿಯ ಗಂಡ ಮೂಕಪ್ಪ ಊಟದ ಹೊತ್ತಿನಲ್ಲಿ 'ಕುಳ್ಳ' ಎಂದು ನಕ್ಕಿದ್ದಕ್ಕೆ ಗಂಗಾಳ ಬಿಟ್ಟು ಎದ್ದ ಪುಣ್ಯಾತ್ಮ, ಎರಡು ಪಂಚಮಿಗೂ ಇತ್ತ ತಲೆ ಹಾಕಿರಲಿಲ್ಲ. ಈ ಸಲ ತಂಗಿಯ ನೆನಪು ತಡೆಯಲಾರದೆ ಹೊರಟ. ಹೊರಟದ್ದು ಮಾತ್ರ, ಲಡಾಯಿ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಎತ್ತರದ ಸೈಕಲ್ ಏರಿ! ಅವನ ಕಾಲು ನೆಲ ಮುಟ್ಟುವುದಿಲ್ಲ. ಹತ್ತಲೂ ಇಳಿಯಲೂ ಕಟ್ಟೆಯೇ ಬೇಕು. ನಸುಕಿನಲ್ಲಿ ರಾಯಚೂರು ಬಿಟ್ಟವನು ಕೃಷ್ಣೆಯ ದಂಡೆಗುಂಟ ಊರೂರಿನ ಕಟ್ಟೆ ಹುಡುಕಿ ಇಳಿದು, ನೀರು ಕುಡಿದು, ಮತ್ತೆ ಹತ್ತಿ ಬಂದಿದ್ದ. ಬಲಗಡೆ ಕೆಂಪು ನೀರಿನ ತುಂಬು ಹೊಳೆ, ಎಡಗಡೆ ಸಜ್ಜೆಯ ಹೊಲ. ಯಾವುದನ್ನೂ ಕಣ್ಣಿಟ್ಟು ನೋಡಲಿಲ್ಲ. ತಂಗಿ ಬರುತ್ತಾಳೋ ಇಲ್ಲವೋ ಎಂಬ ಒಂದೇ ಚಡಪಡಿಕೆ.

ಈಗ ನೋಡಿದರೆ ತಂಗಿಯ ಮನೆ ಎದುರು, ಊರಿಗಿದ್ದ ಒಂದೇ ಕಟ್ಟೆಯ ತುಂಬ ಜನ, ನಡುವೆ ಮೂಕಪ್ಪ. 'ಇಳೀಬೇಕು, ಜಾಗ ಬಿಡ್ರಿ' ಎಂದರೆ ಮೀಸೆ ಮಣ್ಣಾಗುತ್ತದಲ್ಲ! ಹೊಳೆಯ ತನಕ ಹೋಗಿ ತಿರುಗಿ ಬಂದ.

"ಅಣ್ಣಾ, ನಿಂದರೋ!"

"ಬಂದೆ, ಬಂದೆ!" ಎನ್ನುತ್ತಲೇ ಮತ್ತೆ ದಾಟಿದ.

"ನಿಮ್ಮಣ್ಣ ನಿನ್ನ ಕರಿಯಾಕ ಬಂದಿಲ್ಲ, ಸೈಕಲ್ ತೋರಸಾಕ ಬಂದಾನ," ಎಂದ ಮೂಕಪ್ಪ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

ಮೂರನೆಯ ಸಲ ಅವನು ಬರುವಾಗ ಶೇಖಮ್ಮನ ಕಣ್ಣು ತುಂಬಿತ್ತು. "ಇನ್ನೂ ಸಿಟ್ಟಿದ್ರ ಬರಬಾರದಿತ್ತು. ಊರ ಮುಂದ ನನ್ನ ಯಾಕ ಆಡಸಾಕತ್ತೀ?" ಎಂದವಳೇ ಚೆಂಬಿನ ನೀರು ಚೆಲ್ಲಿ ಒಳಗೆ ತಿರುಗಿದಳು.

ಉರುಕುಂದಪ್ಪ ಅವಳ ಬೆನ್ನನ್ನೇ ನೋಡಿದ. ಕಣ್ಣು ಮುಚ್ಚಿ ಹ್ಯಾಂಡಲ್ ಬಿಟ್ಟುಬಿಟ್ಟ.

ಸೈಕಲ್ ಒಂದು ಕಡೆ, ರುಮಾಲು ಒಂದು ಕಡೆ, ಅವನು ತಿಪ್ಪೆಯಲ್ಲಿ. "ನನಗ ಇಳಿಯಾಕ ಬರಂಗಿಲ್ಲವ್ವಾ!" ಎಂದ, ಎಲ್ಲರಿಗೂ ಕೇಳುವಂತೆ. ಕಟ್ಟೆಯವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಶೇಖಮ್ಮ ನಗಲಿಲ್ಲ. ಓಡಿ ಬಂದು, ಸೆರಗಿನಿಂದ ಅವನ ಮೀಸೆಯ ಸಗಣಿ ಒರೆಸುತ್ತ ಕೇಳಿದಳು:

"ಬೀಳೋದಾದ್ರ ಮೊದಲನೇ ಪಂಚಮಿಗೇ ಬೀಳಬಾರದಿತ್ತೇನಣ್ಣಾ?"