ಚಿನ್ನಳ ಅನುಮತಿ

ಚಿನ್ನ ನಾಪತ್ತೆಯಾಗಿದ್ದಳು. ಅದೂ ಇವತ್ತೇ.

ಆಗಲೇ ಹತ್ತೂಕಾಲು. ಹನ್ನೊಂದಕ್ಕೆ ವಿಡಿಯೋ ಕಾಲ್. ಅನುಪಮಾ ಬಾಳೆಲೆ ಊರಿನ ತನ್ನ ಮನೆಯ ಮೂರೂ ಕೋಣೆ ಹುಡುಕಿದಳು, ಸೌದೆ ಕೊಟ್ಟಿಗೆ ಹುಡುಕಿದಳು, ಕಾಫಿ ಒಣಗಿಸುವ ಕಣಕ್ಕೆ ಎರಡು ಸುತ್ತು ಹಾಕಿದಳು.

"ಬೆಳಗ್ಗೆ ಸ್ವಲ್ಪ ಬೈದೆ," ತಾಯಿ ಮುತ್ತಮ್ಮ ಮೆಲ್ಲಗೆ ಒಪ್ಪಿಕೊಂಡರು. "ನಾವು ಕಾಫಿ ಪಿಕ್ಕಿಂಗ್ ಮಾಡಿ ಬೆನ್ನು ಮುರ್ಕೊಳ್ತಿದ್ರೆ ಇವಳು ಕಣದಲ್ಲಿ ಬಿಸಿಲು ಕಾಯಿಸ್ಕೊಂಡು ಬಿದ್ದಿರ್ತಾಳೆ. ಎಷ್ಟು ದಿನ ಅಂತ ಸಹಿಸೋದು?"

"ಇನ್ನೊಂದು ದಿನ ಸಹಿಸಬಾರದಿತ್ತಾ ಅವ್ವ?"

ಅನುಪಮಾ ಎರಡು ವರ್ಷ ಅರ್ಜಿ ಹಾಕಿ ಹಾಕಿ ಸಾಕಾದ ಮೇಲೆ ಒಂದು ಕಂಪನಿ ಪರೀಕ್ಷೆಗೆಂದು ಕೆಲಸ ಕೊಟ್ಟಿತ್ತು: ಅಂಗಡಿಯ ವೆಬ್‌ಸೈಟಿಗೆ ಗಿರಾಕಿಯ ಕ್ರಿಪ್ಟೋ ವ್ಯಾಲೆಟ್, ಅಂದರೆ ಡಿಜಿಟಲ್ ಹಣದ ಚೀಲ, ಜೋಡಿಸಬೇಕು. ಪುಟದಲ್ಲಿ 'ಕನೆಕ್ಟ್' ಒತ್ತಿದರೆ ಅವಳು ಬರೆದ ಕೋಡ್ ವ್ಯಾಲೆಟ್‌ನ ಎಪಿಐ ಎಂಬ ಕೊಂಡಿಯ ಮೂಲಕ ಫೋನಿನಲ್ಲಿ ಕೇಳುತ್ತದೆ, ಒಳಗೆ ಬರಲೇ ಎಂದು. ಫೋನಿನ ಮೇಲೆ ಗುರುತು ಒತ್ತಿ ಒಪ್ಪಿಗೆ ಕೊಡಬೇಕು. ಹನ್ನೊಂದಕ್ಕೆ ಅದನ್ನು ಕಣ್ಣೆದುರು ಮಾಡಿ ತೋರಿಸಿದರೆ ಮನೆಯಲ್ಲೇ ಕೂತು ಮಾಡುವ ಕೆಲಸ. ಇಲ್ಲದಿದ್ದರೆ ಸರದಿಯಲ್ಲಿ ಇನ್ನೊಬ್ಬರು ಕಾಯುತ್ತಿದ್ದಾರೆ.

ಕೋಡ್ ಸರಿಯಿತ್ತು. ಕೈ ಸರಿಯಿರಲಿಲ್ಲ. ಆಳು ಸಿಗದೆ ತಾಯಿ, ಮಗಳು ಇಬ್ಬರೇ ತಿಂಗಳಿನಿಂದ ರೊಬಸ್ಟಾ ಕಾಫಿ ಕೊಯ್ಯುತ್ತಿದ್ದರು. ಬೆರಳ ಗೆರೆ ಸವೆದು, ಕರೆಗಟ್ಟಿ, ಯಾವ ಯಂತ್ರವೂ ಅವರನ್ನು ಗುರುತಿಸುತ್ತಿರಲಿಲ್ಲ. ಪಿಕ್ಕಿಂಗ್ ಸಮಯದಲ್ಲಿ ರೇಷನ್ ಅಂಗಡಿಯಲ್ಲೂ ಇದೇ ಗೋಳು. ಹೆಬ್ಬೆಟ್ಟು ಒತ್ತಿ ಒತ್ತಿ ಜನಕ್ಕೆ ಸಾಕುಸಾಕಾಗುತ್ತದೆ. ಅದಕ್ಕೇ ಅನುಪಮಾ ಜಾಣತನ ಮಾಡಿ, ಜನ್ಮದಲ್ಲಿ ಒಂದು ಹಣ್ಣೂ ಕೊಯ್ಯದ ಚಿನ್ನಳ ಗುರುತನ್ನು ವ್ಯಾಲೆಟ್‌ಗೆ ಕೊಟ್ಟಿದ್ದಳು. ಪಿನ್ ನಂಬರನ್ನು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಳು. ಹೊಸ ವರ್ಷ ಬಂದದ್ದೇ ಮುತ್ತಮ್ಮ ಹಳೇ ಕ್ಯಾಲೆಂಡರನ್ನು ಬಚ್ಚಲೊಲೆಗೆ ಹಾಕಿ ನೀರು ಕಾಯಿಸಿದ್ದರು. ಈಗ ಉಳಿದದ್ದು ಚಿನ್ನಳ ಗುರುತೊಂದೇ.

ಬೇಲಿಯಾಚೆಯಿಂದ ಕೆಂಚಿ ಬಂದಳು. ಪಕ್ಕದ ತೋಟದ ಕೂಲಿಯವರ ಲೈನ್ ಮನೆಯವಳು, ಊರಿನ ಸುದ್ದಿಯೆಲ್ಲ ಅವಳ ಸೆರಗಿನಲ್ಲೇ.

"ಚಿನ್ನನಾ? ನಾನು ಹೇಳ್ದೆ ಅಂತ ಹೇಳ್ಬೇಡಿ ಅಕ್ಕ. ದಿನಾ ಬೆಳಗ್ಗೆ ಕೆಂಪಣ್ಣೋರ ಮನೆಗೆ ಹೋಗ್ತಾಳೆ. ಹಿಂದಿನ ಬಾಗಿಲಿಂದ."

ಮುತ್ತಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಕೆಂಪಣ್ಣ ನಿವೃತ್ತ ಮೇಷ್ಟರು. ಹೆಂಡತಿ ಮಗಳ ಬಾಣಂತನಕ್ಕೆಂದು ಕುಶಾಲನಗರಕ್ಕೆ ಹೋಗಿ ಇಪ್ಪತ್ತು ದಿನವಾಗಿತ್ತು.

ಅನುಪಮಾ ಓಡಿದಳು. ಕೆಂಪಣ್ಣ ಬಾಗಿಲನ್ನು ಅರ್ಧ ಮಾತ್ರ ತೆರೆದರು. ಒಳಗಿಂದ ಮತ್ತಿ ಮೀನು ಹುರಿದ ವಾಸನೆ ಬರುತ್ತಿತ್ತು.

"ಚಿನ್ನ ಇದ್ದಾಳಾ ಅಂಕಲ್?"

ಮೇಷ್ಟರು ಕೆಂಪಾದರು. "ನಾನು ಕರೆದಿಲ್ಲಮ್ಮ. ಅವಳಾಗೇ ಬರ್ತಾಳೆ. ಒಂಟಿ ಮನುಷ್ಯ, ಊಟಕ್ಕೆ ಜೊತೆ ಆಗ್ತಾಳೆ."

"ಈಗೆಲ್ಲಿ?"

"ಮಂಚದ ಮೇಲೆ ಮಲಗಿದ್ದಾಳೆ." ದನಿ ಇನ್ನೂ ತಗ್ಗಿತು. "ನಿಮ್ಮ ಆಂಟಿಗೆ ಹೇಳ್ಬೇಡ. ಅವಳಿಗೆ ಇವಳನ್ನ ಕಂಡರಾಗಲ್ಲ."

ಜಗಳಕ್ಕೆ ಸಮಯವಿರಲಿಲ್ಲ. ಅನುಪಮಾ ಒಳಗೆ ನುಗ್ಗಿ, ನಿದ್ದೆಗಣ್ಣಿನ ಚಿನ್ನಳನ್ನು ಎಬ್ಬಿಸಿಕೊಂಡು ಮನೆಗೆ ತಂದಳು. ದಾರಿಯುದ್ದಕ್ಕೂ ಬೈದಳು. ಚಿನ್ನ ಆಕಳಿಸಿದಳು. ಮಾನ ಮರ್ಯಾದೆ ಎಂಬುದು ಇದ್ದರೆ ತಾನೇ.

ಹನ್ನೊಂದು ಹೊಡೆಯಿತು. ಲ್ಯಾಪ್‌ಟಾಪಿನಲ್ಲಿ ಕಂಪನಿಯ ರಂಜಿತಾ ಮೇಡಂ ಕಾಣಿಸಿಕೊಂಡರು. ನಗದ ಮುಖ.

"ಶುರು ಮಾಡಿ."

ಅನುಪಮಾ 'ಕನೆಕ್ಟ್' ಒತ್ತಿದಳು. ಮೇಜಿನ ಕೆಳಗಿದ್ದ ಫೋನ್ ಗುಂಯ್ ಎಂದಿತು. ಅವಳು ಬಗ್ಗಿದಳು. "ಒತ್ತೇ, ನಿನ್ನ ಕಾಲಿಗೆ ಬೀಳ್ತೀನಿ." ಮೊದಲ ಸಲ ತಪ್ಪಿತು. ಎರಡನೆಯದೂ ತಪ್ಪಿತು. ಮೂರನೆಯದಕ್ಕೆ ಪರದೆಯ ಮೇಲೆ ಹಸಿರು ಅಕ್ಷರ ಬಂತು: ವ್ಯಾಲೆಟ್ ಜೋಡಣೆಯಾಗಿದೆ.

ಅನುಪಮಾಳಿಗೆ ಅಳು ಬಂದಂತಾಯಿತು.

"ಒಂದು ನಿಮಿಷ," ರಂಜಿತಾ ಮುಂದೆ ಬಾಗಿದರು. "ಒಪ್ಪಿಗೆ ಕೊಟ್ಟಿದ್ದು ನೀವಲ್ಲ ಅಲ್ವಾ?"

ಮುಗಿಯಿತು ಕಥೆ ಅಂದುಕೊಂಡಳು ಅನುಪಮಾ. "ಅಲ್ಲ ಮೇಡಂ. ನಮ್ಮನೆ ಚಿನ್ನ."

"ಕೋಡ್ ಒಬ್ಬರದು, ಬೀಗ ಇನ್ನೊಬ್ಬರದು, ಸುರಕ್ಷತೆ ಅಂದರೆ ಇದೇ." ಮೊದಲ ಸಲ ರಂಜಿತಾ ನಕ್ಕರು. "ನಮ್ಮವರಿಗೆ ಬಾಯಿ ನೋಯುವಷ್ಟು ಹೇಳಿದ್ದೀನಿ, ಒಬ್ಬರ ತಲೆಗೂ ಹೋಗಿಲ್ಲ. ಕೆಲಸ ನಿಮಗೇ. ಆ ಚಿನ್ನ ನಂಬಿಕಸ್ಥಳಾ? ಯಾರಾದರೂ ಆಸೆ ತೋರಿಸಿದರೆ ಬೀಳೋಳಲ್ಲ ತಾನೇ?"

ಕೋಣೆಯ ತುಂಬ ಮತ್ತಿ ಮೀನಿನ ವಾಸನೆ. ಅನುಪಮಾ ಮೇಜಿನ ಕೆಳಗೆ ಒಮ್ಮೆ ಇಣುಕಿದಳು.

"ಸಂಕೋಚ ಬೇಡ, ಕ್ಯಾಮೆರಾ ಮುಂದೆ ಕರೀರಿ. ಸೆಕ್ಯುರಿಟಿ ವಿಭಾಗದಲ್ಲಿ ಅವರಿಗೂ ಒಂದು ಜಾಗ ನೋಡೋಣ."

ಬೇರೆ ದಾರಿ ಕಾಣದೆ ಅನುಪಮಾ ಮೇಜಿನ ಕೆಳಗೆ ಕೈ ಹಾಕಿ ಚಿನ್ನಳನ್ನು ಎತ್ತಿ ಹಿಡಿದಳು. ರಂಜಿತಾ ಮೇಡಂ ಕಡೆ ನೋಡಿ ಹೊಸ ಸೆಕ್ಯುರಿಟಿ ಅಧಿಕಾರಿ, ಮೀಸೆ ನೆಕ್ಕಿಕೊಂಡು, ಬಾಲ ಎತ್ತಿ "ಮಿಯಾಂವ್" ಎಂದಳು.